ಮಿಡ್‌ಫೀಲ್ಡರನ ಮೊಣಕಾಲು

ಸೀಟಿ ಊದಿ ಬದುಕಿದವನ ಸುತ್ತ ನಗುವಂಥ ಸಂಗತಿಗಳು ನಡೆಯುತ್ತಲೇ ಇರುತ್ತವೆ. ಅವನ್ನು ನಿಲ್ಲಿಸುವ ಸೀಟಿ ಇನ್ನೂ ಬಂದಿಲ್ಲ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಕೊನೆಯ ವರ್ಷಗಳು ಸವಣೂರಿನಲ್ಲಿ. ಈಗ ಮನೆ ಶಿಗ್ಗಾವಿಯಲ್ಲಿ. ಬರೆಯುತ್ತಿರುವುದು ಒಬ್ಬನೇ ಹುಡುಗನ ಬಗ್ಗೆ. ಅವನು ಯುರೋಪಿನ ನಾಲ್ಕು ಕ್ಲಬ್ಬುಗಳಲ್ಲಿ ಫುಟ್‌ಬಾಲ್ ಆಡಿದ. ಮಿಡ್‌ಫೀಲ್ಡರ್.

ಬೇವಿನಮರ

ಸವಣೂರಿನ ನಮ್ಮ ಶಾಲೆಯ ಮೈದಾನದ ನಟ್ಟನಡುವೆ ಒಂದು ಬೇವಿನಮರ ಇತ್ತು. ಕಡಿಯಲು ಅರ್ಜಿ ಕೊಟ್ಟೆ. ಪರವಾನಗಿ ಬರಲಿಲ್ಲ. ಮರ ಇಟ್ಟುಕೊಂಡೇ ಆಡಿದೆವು. ಉಳಿದ ಹುಡುಗರು ಮರಕ್ಕೆ ಡಿಕ್ಕಿ ಹೊಡೆದರು. ಇವನು ಚೆಂಡನ್ನು ಮರದ ಒಂದು ಕಡೆಯಿಂದ ಬಿಟ್ಟು, ತಾನು ಇನ್ನೊಂದು ಕಡೆಯಿಂದ ಬಂದು ಹಿಡಿಯುತ್ತಿದ್ದ. ಎದುರಾಳಿ ಮರದ ಹತ್ತಿರ ನಿಂತು ಯೋಚಿಸುತ್ತಿದ್ದ.

ಓದು ಮುಗಿಸಿ ಹುಬ್ಬಳ್ಳಿಗೆ ಹೋದ, ಆಮೇಲೆ ಗೋವಾಕ್ಕೆ. ಅಲ್ಲಿಂದ ಪೋರ್ಚುಗಲ್ಲಿನ ಒಂದು ಸಣ್ಣ ಕ್ಲಬ್ಬಿಗೆ. ಅಲ್ಲಿಯ ಕೋಚ್ ಒಂದು ವಾರ ನೋಡಿ ಕೇಳಿದರಂತೆ, ಮೈದಾನದ ನಡುವೆ ಬಂದಾಗಲೆಲ್ಲ ನೀನು ಸುತ್ತು ಹಾಕುವುದು ಯಾರನ್ನು, ಅಲ್ಲಿ ಯಾರೂ ಇಲ್ಲವಲ್ಲ ಎಂದು. ಇವನು ಮರದ ವಿಷಯ ಹೇಳಿದ. ಕೋಚ್ ಮರುದಿನ ನಡುವೆ ಒಂದು ಡ್ರಮ್ಮು ಇಡಿಸಿ ಇಡೀ ಟೀಮನ್ನು ಅದರ ಸುತ್ತ ಓಡಿಸಿದರು.

ಮೂವತ್ತು ವರ್ಷ ನಾನು ಕಲಿಸಿದ್ದು ಯಾವುದೂ ಪೋರ್ಚುಗಲ್ಲಿಗೆ ಹೋಗಲಿಲ್ಲ. ಮರ ಕಲಿಸಿದ್ದು ಹೋಯಿತು.

ಹಿರೇಕೆರೂರಿನ ಫೈನಲ್

ಇದು ಅದಕ್ಕೂ ಹಿಂದಿನ ಮಾತು. ಅವನು ಆಗ ಹತ್ತನೆಯ ತರಗತಿ. ಹಿರೇಕೆರೂರಿನಲ್ಲಿ ಶಾಲೆಗಳ ಫೈನಲ್. ಅರ್ಧ ಆಟಕ್ಕೆ ಗೆರೆಯ ಹೊರಗೆ ಬಂದು ಕುಳಿತ. ಮೊಣಕಾಲು ನೋವು ಎಂದ. ನಾನು ರೆಫರಿಯ ಜೊತೆ ಜಗಳದಲ್ಲಿದ್ದೆ. ಅವನ ಬದಲಿಗೆ ಇಳಿಸಲು ಯಾರೂ ಇರಲಿಲ್ಲ. ಹನ್ನೆರಡನೆಯವನೊಬ್ಬ ಬಂದಿದ್ದ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಮರದ ಕೆಳಗೆ ಮಲಗಿದ್ದ. ಜಗಳ ಬಿಡದೆಯೇ ಬಗ್ಗಿ ಮೊಣಕಾಲಿಗೆ ಬಟ್ಟೆ ಸುತ್ತಿ ಕಟ್ಟಿದೆ. ಏಳು, ಓಡು ಎಂದೆ. ಎದ್ದ. ಓಡಿದ.

ಗೆದ್ದೆವು. ಮುಖ್ಯ ಅತಿಥಿಗಳು ಉತ್ತಮ ಆಟಗಾರನ ಕಪ್ಪನ್ನು ನಮ್ಮ ಗೋಲ್‌ಕೀಪರನಿಗೆ ಕೊಟ್ಟರು. ಎಲ್ಲರದೂ ಹಸಿರು ಅಂಗಿ, ಅವನೊಬ್ಬನದು ಹಳದಿ. ದೊಡ್ಡ ಆಟಗಾರ ಇವನೇ ಇರಬೇಕು ಅಂದುಕೊಂಡರಂತೆ. ಅಂದು ಆ ಗೋಲ್‌ಕೀಪರ್ ಚೆಂಡು ಮುಟ್ಟಿದ್ದು ಒಂದೇ ಸಲ, ಆಟ ಮುಗಿದ ಮೇಲೆ ಚೀಲಕ್ಕೆ ಹಾಕಲು.

ನಮ್ಮ ಮಿಡ್‌ಫೀಲ್ಡರನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಇಬ್ಬರು ಎತ್ತಿ ಹತ್ತಿಸಿದರು. ಎರಡು ದಿನದಲ್ಲಿ ಹೋಗುತ್ತದೆ ಎಂದೆ. ಹೋಗಲಿಲ್ಲ. ಆ ನೋವು ಅವನ ಜೊತೆಗೇ ಯುರೋಪಿಗೆ ಹೋಯಿತು. ತಪ್ಪು ನನ್ನದು ಎಂದು ಅವನಿಗೆ ಒಂದು ಮಾತು ಹೇಳಬೇಕಿತ್ತು. ವರ್ಷಗಟ್ಟಲೆ ಹೇಳಲಿಲ್ಲ.

ಅಡತಿ

ಪೋರ್ಚುಗಲ್ಲಿನಿಂದ ಮಾಲ್ಟಾಕ್ಕೆ ಹೋದ. ಅವನಪ್ಪನದು ಸವಣೂರಿನಲ್ಲಿ ವೀಳ್ಯದೆಲೆ ಅಂಗಡಿ. ಬಂದವರೆಲ್ಲ ಕೇಳುವುದು ಒಂದೇ, ಮಗ ಎಷ್ಟು ಗೋಲ್ ಹೊಡೆದ ಎಂದು. ಒಂದೂ ಇಲ್ಲ. ಅಪ್ಪನಿಗೆ ನಾಚಿಕೆ. ನನ್ನನ್ನು ಅಂಗಡಿಗೆ ಕರೆಸಿ, ಕುರ್ಚಿ ಕೊಟ್ಟು, ಬಾಗಿಲು ಅರ್ಧ ಮುಚ್ಚಿದರು.

"ಖರೆ ಹೇಳ್ರಿ ಮಾಸ್ತರ. ಆಡತಾನೋ, ಬರೇ ಅಡ್ಡಾಡತಾನೋ?"

ಗೋಲ್ ಹೊಡೆಯುವುದು ಅವನ ಕೆಲಸವಲ್ಲ ಎಂದೆ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಮುಟ್ಟಿಸಬೇಕು. ತಡ ಮಾಡಬಾರದು, ನಡುವೆ ಕಳೆಯಬಾರದು. ಅವರು ಸ್ವಲ್ಪ ಹೊತ್ತು ಎಲೆಗಳಿಗೆ ನೀರು ಚಿಮುಕಿಸಿದರು.

"ಅಂದ್ರ ಅಡತಿ ವ್ಯಾಪಾರ ಅನ್ರಿ. ಮಾಲು ಒಬ್ಬಂದು, ಗಿರಾಕಿ ಇನ್ನೊಬ್ಬ, ಓಡಾಟ ನಮ್ಮದು."

ಅದೇ ಎಂದೆ. ಮುಖ ಅರಳಿತು. ಮರುದಿನದಿಂದ ಕೇಳಿದವರಿಗೆಲ್ಲ, ಗೋಲ್ ಹೊಡೆಯುವುದು ಹಮಾಲರ ಕೆಲಸ, ನಮ್ಮ ಹುಡುಗ ಅದಕ್ಕೆ ಕೈ ಹಾಕುವುದಿಲ್ಲ ಎಂದು ಹೇಳತೊಡಗಿದರು.

ಸನ್ಮಾನ

ರಜೆಗೆ ಬಂದಾಗ ಶಿಗ್ಗಾವಿಯಲ್ಲಿ ಸನ್ಮಾನ ಇಟ್ಟುಕೊಂಡರು. ಪೇಟ ಸುತ್ತಿದರು. ಶಾಲು, ಏಲಕ್ಕಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಅಷ್ಟರ ಮೇಲೆ ಸಮಾರಂಭದ ಅಧ್ಯಕ್ಷರು ಚೆಂಡು ತರಿಸಿ, ವೇದಿಕೆಯ ಮೇಲೇ ಒಂದು ಒದೆ ತೋರಿಸು ಎಂದರು. ಬುಟ್ಟಿ ಇಳಿಸಲು ಬಿಡಲಿಲ್ಲ. ಫೋಟೋದವನಿಗೆ ಬುಟ್ಟಿ ಬೇಕಿತ್ತು. ಒದ್ದ. ಚೆಂಡು ಮೈಕನ್ನು ಬೀಳಿಸಿ, ಅಧ್ಯಕ್ಷರ ಭಾಷಣದ ಹಾಳೆಗಳನ್ನು ಚರಂಡಿಗೆ ತಳ್ಳಿ, ತಾನೂ ಬಿತ್ತು. ಭಾಷಣವಿಲ್ಲದ ಸನ್ಮಾನವನ್ನು ಊರು ಅಂದೇ ಮೊದಲು ಕಂಡಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನು ತಟ್ಟಲಿಲ್ಲ. ಅವನು ಒದ್ದದ್ದು ಎಡಗಾಲಿನಿಂದ. ಬಲಗಾಲಿನ ಹುಡುಗ ಅವನು. ವೇದಿಕೆ ಇಳಿದ ಮೇಲೆ ಯಾಕೆಂದು ಕೇಳಿದೆ.

"ಬಲಗಾಲು ಆಟಕ್ಕ ಉಳಿಸೇನ್ರಿ ಸರ. ಇಲ್ಲೆ ಖರ್ಚು ಮಾಡಂಗಿಲ್ಲ."

ಆಗಲಾದರೂ ಹೇಳಬಹುದಿತ್ತು. ಅವನು ಹಾರದಿಂದ ಎರಡು ಏಲಕ್ಕಿ ಕಿತ್ತು ಕೊಟ್ಟ. ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದವನು ಮಾತಾಡುವುದು ಹೇಗೆ?

ಹಾನಗಲ್ಲಿನ ಚಹಾದಂಗಡಿ

ಮೂರನೆಯ ಕ್ಲಬ್ಬು ಫಿನ್‌ಲೆಂಡಿನದು. ನಾಲ್ಕನೆಯದು ಮತ್ತೆ ಪೋರ್ಚುಗಲ್. ಅಲ್ಲಿಯ ಒಂದು ಆಟ ಮೊಬೈಲಿನಲ್ಲಿ ಬರುತ್ತದೆ ಎಂದು ಲಿಂಕ್ ಕಳಿಸಿದ. ಭಾನುವಾರ ಸಂಜೆ ಐದಕ್ಕೆ. ನಾನು ಹಾನಗಲ್ಲಿನಲ್ಲಿ ಒಂದು ಮದುವೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಚಹಾದಂಗಡಿಯಲ್ಲಿ ಸಕ್ಕರೆ ಡಬ್ಬಿಗೆ ಫೋನು ಆನಿಸಿ ಇಟ್ಟೆ. ಹತ್ತು ಹದಿನೈದು ಜನ ಕೂಡಿದರು. ಯಾರು ಅಂದರು. ಸವಣೂರಿನವನು, ನನ್ನ ವಿದ್ಯಾರ್ಥಿ ಎಂದೆ. ಹೊರಡಬೇಕಾದ ಬಸ್ಸಿನ ಕಂಡಕ್ಟರನೂ ಇಳಿದು ಬಂದ.

ಅರ್ಧ ಆಟದ ಮೇಲೆ ಅವನನ್ನು ಮೈದಾನಕ್ಕೆ ಇಳಿಸಿದರು. ಆರು ನಿಮಿಷ ಚೆಂದ ಆಡಿದ. ಏಳನೆಯದರಲ್ಲಿ ತಿರುಗಲು ಹೋಗಿ ಬಿದ್ದ. ಹತ್ತಿರ ಯಾರೂ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ಹೊರಳಾಡಿದ.

ಅಲ್ಲಿದ್ದವರಿಗೆ ಫುಟ್‌ಬಾಲ್ ಅಷ್ಟಿಷ್ಟು ಗೊತ್ತಿತ್ತು. ದೊಡ್ಡ ಆಟಗಾರರು ಸುಮ್ಮಸುಮ್ಮನೆ ಬೀಳುತ್ತಾರೆ ಎಂಬುದು ಪೂರ್ತಿ ಗೊತ್ತಿತ್ತು.

"ಏನ್ ನಾಟಕ ಮಾಡತಾನಲೇ," ಕಂಡಕ್ಟರ್ ಅಂದ. "ನಮ್ಮ ಜಿಲ್ಲಾದವ ಅಂದ್ರ ಹಿಂಗ ಇರಬೇಕು."

ಸ್ಟ್ರೆಚರ್ ಬಂದಾಗ ಚಹಾದವನು ಶಿಳ್ಳೆ ಹಾಕಿದ. ಹೊತ್ತುಕೊಂಡು ಹೋಗುವವರೆಗೂ ಚಪ್ಪಾಳೆ. ನನ್ನ ಕೈ ಕುಲುಕಿದರು. ಶಿಗ್ಗಾವಿಯವರೆಗೂ ಕಂಡಕ್ಟರ್ ನನ್ನ ಪಕ್ಕದಲ್ಲಿ ಕುಳಿತು, ಇಂಥ ಪಾತ್ರ ಮಾಡಿಸಲು ಎಷ್ಟು ದಿನ ತಾಲೀಮು ಕೊಟ್ಟಿರಿ ಎಂದು ಕೇಳುತ್ತಿದ್ದ.

ಅವನು ಬಂದ

ಎರಡು ಸಲ ಆಪರೇಷನ್ ಮಾಡಿದರು. ಕ್ಲಬ್ಬು ಕೈಬಿಟ್ಟಿತು. ಮೂವತ್ತು ತುಂಬುವ ಹೊತ್ತಿಗೆ ಆಟ ಮುಗಿದಿತ್ತು.

ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದ. ಚಹಾದ ಜೊತೆ ತಿನ್ನಲು ಸವಣೂರ ಖಾರದ ಪೊಟ್ಟಣ ತಂದಿದ್ದ. ನಮ್ಮ ಮನೆಗೆ ಮೂರು ಮೆಟ್ಟಿಲು. ಗೋಡೆ ಹಿಡಿದು ಒಂದೊಂದಾಗಿ ಹತ್ತಿದ. ನಾನು ನೋಡದವನಂತೆ ಪೇಪರು ಮಡಚಿದೆ. ನಮ್ಮವಳು ಚಹಾ ಕೊಟ್ಟು ಒಳಗೆ ಹೋದಳು.

ಎಷ್ಟೋ ವರ್ಷದಿಂದ ಜೋಡಿಸಿಟ್ಟ ಮಾತು. ಬಂದದ್ದು ಇಷ್ಟೇ.

"ಹಿರೇಕೆರೂರಾಗ ನಿನ್ನ ಮತ್ತ ಆಡಸಬಾರದಿತ್ತು. ತಪ್ಪು ನಂದು."

ಕಪ್ಪು ಕೆಳಗಿಟ್ಟ. ತಲೆ ತಗ್ಗಿಸಿದ. ಭುಜ ಅಲುಗತೊಡಗಿದವು. ಅಳುತ್ತಾನೆ ಅಂದುಕೊಂಡೆ. ನಗುತ್ತಿದ್ದ.

"ಸರ, ಒಂದ ಮಾತು. ಸಿಟ್ಟಾಗಬ್ಯಾಡ್ರಿ. ಅವತ್ತ ನೋವಿದ್ದಿದ್ದು ಬಲಗಾಲಿಗೆ. ನೀವು ಕಟ್ಟಿದ್ದು ಎಡಗಾಲಿಗೆ."

ಮಡಚಿದ ಪೇಪರು ಬಿಚ್ಚಿ, ಮತ್ತೆ ಮಡಚಿದೆ.

"ಬಾಯಿ ಇರಲಿಲ್ಲೇನು ನಿನಗ?"

"ಇತ್ರಿ. ನಿಮ್ಮ ಮುಂದ ತಗಿಯೂದು ಹೆಂಗ್ರಿ? ರೆಫರೀನ ಅಂಜಿ ಹಿಂದ ಸರದಿದ್ದ. ಮತ್ತ ಎಷ್ಟ ಬಿಗಿ ಕಟ್ಟಿದ್ರಿ ಅಂದ್ರ, ಚಲೋ ಇದ್ದ ಕಾಲೂ ಮಡಚಲಿಲ್ಲ. ಎರಡೂ ಕಾಲಿಲೆ ಕುಂಟಕೋತ ಓಡಿದೆನ್ರಿ."

ಹಾಗೆ ಓಡಿ ನನ್ನನ್ನು ಗೆಲ್ಲಿಸಿದ್ದ.

ಒಳಗಿನಿಂದ ನಮ್ಮವಳು ನಕ್ಕದ್ದು ಕೇಳಿಸಿತು. ನನ್ನ ಮುಂದೆ ಬಾಯಿ ತೆಗೆಯದವರಲ್ಲಿ ಅವಳೂ ಒಬ್ಬಳು.

ಎದ್ದು ಹೋಗಿ ಮುಖ ತೊಳೆದುಕೊಂಡೆ. ಬಂದು ಅವನ ಎದುರು ನೆಲದ ಮೇಲೆ ಕುಳಿತೆ. ಮೇಲೆ ಕುಂತ್ರಿ ಸರ ಎಂದು ಗಾಬರಿಯಾದ. ನಾನು ಏಳಲಿಲ್ಲ. ಯಾವ ಹುಡುಗನಿಗೂ ಎಂದೂ ಕ್ಷಮೆ ಕೇಳಿದವನಲ್ಲ. ಕೇಳುವುದು ಹೇಗೆಂದು ಗೊತ್ತಿರಲಿಲ್ಲ. ಅವನ ಮೊಣಕಾಲಿನ ಮೇಲೆ ಕೈ ಇಟ್ಟೆ. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.

ಅವನೂ ಬಹಳ ಹೊತ್ತು ತಡೆದುಕೊಂಡ. ಆಮೇಲೆ ಮೆಲ್ಲಗೆ ಅಂದ:

"ಅದಲ್ರಿ ಸರ. ಬಾಜೂದು."