ಪ್ಲಾಕ್ ಜೊತೆಗೆ ಉಪ್ಪನ್ನೂ ಒಯ್ದ ಮೌತ್‌ವಾಶಿನವರಿಗೆ

ಆಲ್ಕೋಹಾಲ್ ಇಲ್ಲದ ನಂಜುನಿರೋಧಕ ಮೌತ್‌ವಾಶ್ ತಯಾರಿಸುವ ಮಾನ್ಯರೇ,

ಅರೋರಾ ಊರಿನ ನಿವೃತ್ತ ಎಂಜಿನಿಯರ್ ಭಾನುಮತಿಯ, ಚೆನ್ನಾಗಿ ಮುಕ್ಕಳಿಸಿದ ಬಾಯಿಂದ ಹೊರಟ ನಮಸ್ಕಾರಗಳನ್ನು ತಾವು ದಯವಿಟ್ಟು ಸ್ವೀಕರಿಸಬೇಕು.

ಈಚೆಗೆ ನನ್ನ ವಸಡಿಗೊಂದು ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ಹೊಲಿಗೆ ಹಾಕಿದ ಜಾಗದಲ್ಲಿ ಬ್ರಶ್ ಆಡಿಸುವಂತಿಲ್ಲವಾದ್ದರಿಂದ, ಹಲ್ಲಿಗೆ ಅಂಟುವ ಪ್ಲಾಕ್ ಎಂಬ ಲೋಳೆಪದರ ಬೆಳೆಯದಿರಲೆಂದು ಡೆಂಟಿಸ್ಟರು ತಾವು ತಯಾರಿಸುವ ಬಾಟಲಿಯನ್ನು ಬರೆದುಕೊಟ್ಟರು. ಆಲ್ಕೋಹಾಲ್ ಇಲ್ಲ, ಉರಿಯುವುದಿಲ್ಲ, ಆದರೂ ಕೆಲಸದಲ್ಲಿ ಕಮ್ಮಿಯೇನಿಲ್ಲ ಎಂದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪ್ಲಾಕ್ ಹತ್ತಿರ ಸುಳಿಯಲಿಲ್ಲ. ಆದರೆ ನನ್ನ ನಾಲಿಗೆಯಿಂದ ಉಪ್ಪಿನ ರುಚಿಯೂ ಸದ್ದಿಲ್ಲದೆ ಹೊರಟುಹೋಗಿತ್ತು. ಈ ಸಂಗತಿಯನ್ನು ತಾವು ಲೇಬಲ್ಲಿನ ಹಿಂಭಾಗದಲ್ಲಿ, ಇರುವೆ ಮಾತ್ರ ಓದಬಲ್ಲ ಅಕ್ಷರಗಳಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ತಿಳಿಸಿದ್ದ ಔದಾರ್ಯ ನನ್ನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ.

ಅದೇ ವಾರ ನನ್ನ ಮಗಳು ಮಹಿಮಾಳ ಭಾವೀ ಅತ್ತೆ ಮಾವ, ಅಮಿತಾ ಮತ್ತು ಪ್ರಹ್ಲಾದ, ಎಟೋಬಿಕೋದಿಂದ ಮೊದಲ ಸಲ ಊಟಕ್ಕೆ ಬಂದರು. ನಿಶ್ಚಿತಾರ್ಥದ ಅಡುಗೆ ನನ್ನ ಕೈಯದೇ ಆಗಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ಈ ಊಟ ಅದಕ್ಕೆ ಪೀಠಿಕೆ. ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಸಪ್ಪೆ. ಉಪ್ಪು ಹಾಕಿದೆ. ಆಗಲೂ ಸಪ್ಪೆ. ಮತ್ತೆ ಹಾಕಿದೆ. ಪಲ್ಯ, ಹುಳಿ, ಕೋಸಂಬರಿಗಳಿಗೂ ಅದೇ ನ್ಯಾಯ ಒದಗಿಸಿದೆ.

ಬಿಪಿ ಮಾತ್ರೆ ನುಂಗುವ ಪ್ರಹ್ಲಾದ ಅವರು ಒಂದು ತುತ್ತಿಗೆ ಒಂದು ಲೋಟ ನೀರು ಕುಡಿದು, "ಚೆನ್ನಾಗಿದೆ, ಸ್ವಲ್ಪ... ಸ್ಟ್ರಾಂಗ್ ಆಗಿದೆ" ಎಂದರು.

"ಅಮ್ಮಾ, ದಿಸ್ ಈಸ್ ಸೀ ವಾಟರ್!" ಎಂದಳು ಮಹಿಮಾ.

"ಸುಮ್ನಿರೇ. ನಿಜ ಹೇಳ್ಬೇಕಂದ್ರೆ ಸಪ್ಪೆನೇ ಆಗಿದೆ, ತಾಳು ಇನ್ನೊಂಚೂರು ಹಾಕ್ತೀನಿ" ಎಂದು ನಾನೆದ್ದೆ. ಅಮಿತಾ ಎರಡೂ ಕೈಗಳಿಂದ ತಮ್ಮ ತಟ್ಟೆಯನ್ನು ಮುಚ್ಚಿಕೊಂಡರು. ನನ್ನ ಯಜಮಾನರು ತಲೆಯೆತ್ತದೆ ಮೊಸರನ್ನ ಕಲಸುತ್ತಲೇ ಇದ್ದರು.

ಹೊಲಿಗೆ ತೆಗೆಸಲು ಹೋದಾಗ ಡೆಂಟಿಸ್ಟರು ನನ್ನ ಹಲ್ಲುಗಳನ್ನು ಬಾಯ್ತುಂಬ ಹೊಗಳಿ, ಇದನ್ನು ಬಳಸುವಾಗ ಕೆಲವರಿಗೆ ಉಪ್ಪು ತಿಳಿಯುವುದಿಲ್ಲ, ಬಿಟ್ಟರೆ ಸರಿಹೋಗುತ್ತದೆ ಎಂದು ಹಗುರಾಗಿ ಹೇಳಿದರು. ಪಾರ್ಕಿಂಗ್ ಲಾಟಿನಿಂದಲೇ ಅಮಿತಾಗೆ ಫೋನ್ ಮಾಡಿದೆ.

"ಅಯ್ಯೋ, ಮೌತ್‌ವಾಶಾ? ನಿಮ್ಮನೇಲಿ ಯಾವಾಗ್ಲೂ ಹೀಗೇ ಏನೋ ಅಂದ್ಕೊಂಡು ಎಂಗೇಜ್‌ಮೆಂಟಿಗೆ ಕ್ಯಾಟರರ್ ಬುಕ್ ಮಾಡ್ಬಿಟ್ವಲ್ರೀ!" ಎಂದು ಅವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟಮೇಲೆ ಕಾರಿನಲ್ಲಿ ಕೂತು ಸ್ವಲ್ಪ ಅತ್ತೆ. ಕ್ಯಾಟರರ್ ಬದಲಾಗಲಿಲ್ಲ; ನನಗೆ ಎಲೆ ಹಾಕುವ ಕೆಲಸ ಸಿಕ್ಕಿತು.

ಆದಕಾರಣ ಘನವೆತ್ತ ತಾವು ಇನ್ನು ಮುಂದೆ ಪ್ರತಿ ಬಾಟಲಿಯೊಂದಿಗೆ ಆರೋಗ್ಯವಂತ ನಾಲಿಗೆಯುಳ್ಳ ಒಬ್ಬ ನೌಕರರನ್ನು, ಸಾಧ್ಯವಾದರೆ ಮೈಸೂರು ಕಡೆಯವರನ್ನು, ಅಡುಗೆಮನೆಗೆ ಕಳುಹಿಸಿಕೊಡಬೇಕೆಂದೂ, ಪ್ಲಾಕ್ ಎಷ್ಟು ಕಡಿಮೆಯಾಯಿತೆಂದು ಅಳೆಯುವ ತಮ್ಮ ವಿಜ್ಞಾನಿಗಳು ಬೀಗರ ಮುಂದೆ ನನ್ನ ಮಾನ ಎಷ್ಟು ಕಡಿಮೆಯಾಯಿತೆಂಬುದನ್ನೂ ಅಳೆದು ಪ್ರಕಟಿಸಬೇಕೆಂದೂ ವಿನಯಪೂರ್ವಕವಾಗಿ ಕೋರುತ್ತೇನೆ.

ಲೋಳೆಯಿಲ್ಲದ ಹಲ್ಲುಗಳ, ತಮ್ಮ ವಿಶ್ವಾಸಿ,
ಭಾನುಮತಿ ಉಮಾಶಂಕರ

ಮರೆತ ಮಾತು: ನಿಶ್ಚಿತಾರ್ಥದ ಒಂದು ಫೋಟೋದಲ್ಲೂ ನಾನು ತುಟಿ ಬಿಚ್ಚಿಲ್ಲ. ನನಗಿನ್ನೂ ಕೋಪ ಇಳಿದಿಲ್ಲವೆಂದು ಬೀಗರು ತಿಳಿದಿದ್ದಾರೆ. ಲೋಳೆ ಹೋದ ಹಲ್ಲುಗಳಿಗೆ ತಾವು ಉಚಿತವಾಗಿ ಬಳಿದುಕೊಟ್ಟ ಕಾಫಿ ಬಣ್ಣದ ವಿಷಯವನ್ನು ಅವರಿಗೆ ತಾವೇ, ಈ ಸಲ ದಪ್ಪ ಅಕ್ಷರಗಳಲ್ಲಿ, ಬರೆದು ತಿಳಿಸಿ.