ಗಂಧಾರ ಏರಿತು ತಮ್ಮಾ

ಬೇಸುರ ಹಾಡುವವನಿಗೆ ತಾನು ಬೇಸುರ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಗೊತ್ತಿರುತ್ತದೆ. ಬೇರೆಯವರದ್ಯಾಕೆ, ನನ್ನದೇ ಹೇಳುತ್ತೇನೆ. ಸೋದರತ್ತೆ ಶಾಂತತ್ತಿಯ ಶಿಷ್ಯ ಎಂದು ಬಾಗಲಕೋಟೆ ತುಂಬ ಹೇಳಿಕೊಂಡು ತಿರುಗಿದವನು ನಾನು. ಅತ್ತಿ ಎಂದೂ ಕಛೇರಿ ಮಾಡಲಿಲ್ಲ, ಮನೆಯಲ್ಲೇ ಹಾಡಿಕೊಂಡಿದ್ದು ಮನೆಯಲ್ಲೇ ತೀರಿಕೊಂಡಳು. ಹೀಗಾಗಿ ನನ್ನನ್ನು ಸುಳ್ಳ ಅನ್ನುವವರು ಯಾರೂ ಉಳಿದಿರಲಿಲ್ಲ.

ಹೋದ ತಿಂಗಳು ಅವಳ ಇಳಕಲ್ ಸೀರೆಯ ಮಡಿಕೆಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಭೀಮಪಲಾಸ ರಾಗ, ಹೊರಗಿನವರು ಯಾರೂ ಕೇಳಿರದ ಹಾಡು, ಒಂದು ಬಂದಿಶು. ಊರಿನ ಸಂಗೀತ ಬಳಗದವರು ಕುಣಿದಾಡಿದರು. ಅದನ್ನು ಸ್ವಚ್ಛ ಮಾಡಿಸಿ ರವಿವಾರ ಬಿಡುಗಡೆ ಅಂದರು. ಆಮಂತ್ರಣದಲ್ಲಿ ‘ಪಟ್ಟಶಿಷ್ಯರಿಂದ ಅದೇ ಬಂದಿಶಿನ ಗಾಯನ’ ಎಂದೂ ಅಚ್ಚಾಯಿತು. ಪಟ್ಟಶಿಷ್ಯ ಅಂದರೆ ನಾನೇ.

ಬಳಗದವರು ಕ್ಯಾಸೆಟ್ಟಿನಿಂದ ಇಳಿಸಿ ಕಳಿಸಿದ್ದನ್ನು ತಾಲೀಮಿಗೆಂದು ಮಧ್ಯಾಹ್ನ ಊಟವಾದ ಮೇಲೆ ಮೊಬೈಲಿನಲ್ಲಿ ಹಚ್ಚಿದೆ. ಓಣಿಯೆಲ್ಲ ಮಲಗಿತ್ತು. ಮೊದಲು ಕಿರ್ ಎಂದು ತೂಗುಮಂಚದ ಸದ್ದು, ಆಮೇಲೆ ಕದದ ಚಿಲಕದ್ದು. ಎರಡೂ ನನಗೆ ಗೊತ್ತಿದ್ದ ಸದ್ದು. ಅದು ನಮ್ಮ ಹಳೇ ಮನೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು. ನೀರಿನ ತಳದಲ್ಲಿ ಯಾರೋ ಕದ ತೆಗೆದು ಒಳಗೆ ಬಂದು ಕೂತ ಹಾಗಾಯಿತು.

ಅತ್ತಿ ಹಾಡಿದಳು. ಧೈರ್ಯಕ್ಕೆ ನಾನೂ ದನಿಗೂಡಿಸಿದೆ. ಎರಡನೆಯ ಸಾಲಿಗೆ ಹಾಡು ಗಪ್ಪನೆ ನಿಂತಿತು.

“ಗಂಧಾರ ಏರಿತು ನೋಡು ತಮ್ಮಾ. ಬಾಯಿ ಮುಚ್ಚಿ ಕೇಳು.”

ಅಯ್ಯಯ್ಯೋ! ಮೊಬೈಲು ಕೈಜಾರಿತು. ಒಳಗಿನಿಂದ ಹೆಂಡತಿ ಸುವರ್ಣಾ ಬಂದಳು.

“ಯಾರ್ ಬಂದಾರ್ರಿ? ಹೆಣ್ಣದನಿ ಕೇಳಿಸ್ತು.”

“ಅತ್ತಿ... ನನಗ ಬೈದ್ಲು.”

“ಖರೆ ಬೈದಿರಬೇಕು ಬಿಡ್ರಿ,” ಎಂದವಳೇ ಮೊಬೈಲು ಎತ್ತಿಕೊಂಡು ಮೊದಲಿನಿಂದ ಹಚ್ಚಿದಳು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತೆ. ಈ ಸಲ ಬೈಗುಳಕ್ಕೆ ಮೊದಲು, ಆಗ ನನ್ನ ಹಾಡಿನಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ದನಿ ಕೇಳಿಸಿತು. ಒಡಕು ದನಿ, ಆಗತಾನೇ ಮೀಸೆ ಚಿಗುರಿದವನದು. ಅದೇ ಸಾಲು, ಅದೇ ಹದ ತಪ್ಪಿ ಏರಿದ ಗಂಧಾರ ಸ್ವರ.

“ಇದು ನೀವ ಅಲ್ಲೇನ್ರಿ! ಇಷ್ಟು ವರ್ಷಾದ್ರೂ ಕೂದಲೆಳಿಯಷ್ಟೂ ಸುಧಾರ್ಸಿಲ್ಲಲ್ಲ!” ಎಂದು ಅವಳು ನಕ್ಕಳು. ನನಗೆ ಮಾತ್ರ ಅಳು ಬಂತು. ಅತ್ತಿ ನನ್ನನ್ನು ಎದುರಿಗೆ ಕೂಡಿಸಿಕೊಂಡು ಕಲಿಸಿದ್ದು ನಿಜವೋ, ನಾನೇ ಕಟ್ಟಿಕೊಂಡ ಕತೆಯೋ ಎಂದು ಈಚೆಗೆ ನನಗೇ ಅನುಮಾನ ಹುಟ್ಟಿತ್ತು.

ಸಂಜೆ ಬಳಗದವರ ಫೋನು ಬಂತು. “ಸರ್, ನಡುವ ಒಂದು ಬೈಗುಳ ಐತಿ. ಅದನ್ನ ಕತ್ತರಿಸಿ ತೆಗೀತೇವ್ರಿ.”

“ರವಿವಾರ ನಾ ಹಾಡೂದಿಲ್ರಿ, ಹಿಂದ ತಂಬೂರಿ ಹಿಡ್ಕೊಂಡು ಸುಮ್ಮನ ಕೂಡ್ತೇನಿ,” ಅಂದೆ. “ಆದ್ರ ಕೈ ಮುಗೀತೇನಿ, ಆ ಬೈಗುಳಕ್ಕ ಕತ್ತರಿ ಹಾಕಬ್ಯಾಡ್ರಿ. ನಾ ಆಕಿ ಶಿಷ್ಯ ಅನ್ನಾಕ ನನ್ನ ಹತ್ರ ಇರೂದು ಅದೊಂದ ಸರ್ಟಿಫಿಕೇಟ್.”