ಕಾಲಿನ ರಕ್ತನಾಳವನ್ನು ಅನುಮತಿಯಿಲ್ಲದೆ ಕೈಗೆ ವರ್ಗಾಯಿಸುವ ಕುರಿತು

ಕ್ರಮಾಂಕ: ಮೊಹರು/ಬಲಗೈ/ಕಿರುಬೆರಳು/4
ದಿನಾಂಕ: ಬುಧವಾರ, ಊಟದ ವಿರಾಮದ ನಂತರ

ವಿಷಯ: ಮೊಹರು ಗುಮಾಸ್ತರ ಕೈಬೆರಳುಗಳ ಶಸ್ತ್ರಚಿಕಿತ್ಸೆ ಹಾಗೂ ತತ್ಸಂಬಂಧಿತ ರಜೆಯ ಬಗ್ಗೆ.

ಉಲ್ಲೇಖ: 1) ಶಸ್ತ್ರವೈದ್ಯರ ಚೀಟಿ. 2) ಗುಮಾಸ್ತರ ಧರ್ಮಪತ್ನಿಯವರು ಖುದ್ದು ಬಂದು ಮೇಜು ಗುದ್ದಿದ್ದು.

ಪ್ರಸ್ತಾವನೆ: ಕಚೇರಿಯ ಮೊಹರಿನ ಹಿಡಿ ಮುರಿದು ಹತ್ತೊಂಬತ್ತು ವರ್ಷವಾಗಿದ್ದು, ಅಂದಿನಿಂದ ಗುಮಾಸ್ತರು ಅಂಗೈಯ ಬುಡದಿಂದಲೇ ಗುದ್ದಿ ಮೊಹರು ಒತ್ತುತ್ತಾ ಬಂದಿರುತ್ತಾರೆ. ಗುದ್ದಿ ಗುದ್ದಿ ಒಳಗಿನ ರಕ್ತನಾಳ ಜಜ್ಜಿಹೋಗಿ, ಕಿರುಬೆರಳಿಗೂ ಉಂಗುರದ ಬೆರಳಿಗೂ ರಕ್ತ ಹರಿಯದೆ ಅವು ಸೀಮೆಸುಣ್ಣದಂತಾಗಿವೆ. ನಾಳೆ ಗುರುವಾರ ಕೆಟ್ಟ ತುಂಡನ್ನು ತೆಗೆದು, ಕಾಲಿನದೊಂದು ನಾಳವನ್ನು ಅಲ್ಲಿಗೆ ಹೊಲಿಯದಿದ್ದರೆ ಬೆರಳ ತುದಿಗಳು ಉಳಿಯವೆಂದು ವೈದ್ಯರು ಬರೆದಿದ್ದಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಕಾಯಿಲೆ ಎರಡು ಬೆರಳಿಗೆ ಮಾತ್ರ ಇರುವುದರಿಂದ ರಜೆಯನ್ನೂ ಆ ಎರಡು ಬೆರಳಿಗೆ ಮಾತ್ರ ಮಂಜೂರು ಮಾಡಲಾಗಿದೆ. ಗುಮಾಸ್ತರ ಉಳಿದ ಭಾಗವು ಎಂದಿನಂತೆ ಹತ್ತು ಗಂಟೆಗೆ ಹಾಜರಾಗತಕ್ಕದ್ದು.

2. ಹುಟ್ಟಿನಿಂದ ಕಾಲಿನಲ್ಲೇ ಸೇವೆ ಸಲ್ಲಿಸುತ್ತಿರುವ ನಾಳವನ್ನು ಕೈಗೆ ವರ್ಗಾಯಿಸುವ ಮೊದಲು ಕಾಲಿನಿಂದ ನಿರಾಕ್ಷೇಪಣಾ ಪತ್ರವನ್ನೂ, ಕೈಯಿಂದ ಖಾಲಿ ಹುದ್ದೆಯ ದೃಢೀಕರಣವನ್ನೂ ಪಡೆಯತಕ್ಕದ್ದು. ವರ್ಗಾವಣೆಗಾಗಿ ಯಾರೂ ಯಾರ ಕೈಕಾಲು ಹಿಡಿಯತಕ್ಕದ್ದಲ್ಲ.

3. ಹೀಗೆ ಬಂದ ನಾಳವು ಕೈಯಲ್ಲಿ ಸೇವಾ ಹಿರಿತನ ಕೋರುವಂತಿಲ್ಲ.

4. ಸದರಿ ಬೆರಳುಗಳು ಬಿಳಿ, ನೀಲಿ, ಕೆಂಪು ಎಂದು ದಿನಕ್ಕೆ ಮೂರು ಬಣ್ಣ ಬದಲಿಸುತ್ತಿರುವುದು ಶಿಸ್ತುಭಂಗ. ಬೆಳಿಗ್ಗೆ ಹಾಜರಿ ಹಾಕುವಾಗಿದ್ದ ಬಣ್ಣವನ್ನೇ ಸಂಜೆ ಐದೂವರೆಯವರೆಗೆ ಉಳಿಸಿಕೊಳ್ಳತಕ್ಕದ್ದು.

5. ಬೆರಳು ಬೆಚ್ಚಗಾಗಲೆಂದು ಸಹೋದ್ಯೋಗಿಗಳ ಚಹಾ ಲೋಟ ಹಿಡಿದು ನಿಲ್ಲುವುದನ್ನು ನಿಷೇಧಿಸಲಾಗಿದೆ. ಲೋಟ ಹಿಡಿದವರೇ ಚಹಾ ಕುಡಿಯತಕ್ಕದ್ದು.

6. ವಿವರಣೆ ಕೇಳಲಾಗಿ ಗುಮಾಸ್ತರು, "ಬೆರಳು ಹೋದ್ಮೇಲೆ ರಜೆ ಕೊಟ್ರೆ ಏನ್ಮಾಡ್ಲಿ ಸಾರ್? ರಜೆ ಎಣಿಸೋಕೂ ಬೆರಳಿರಲ್ಲ" ಎಂದಿರುತ್ತಾರೆ. ಧರ್ಮಪತ್ನಿಯವರು, "ಮಗು ಹಣೆ ಮುಟ್ಟಿದ್ರೆ ಜ್ವರ ಇದ್ಯೋ ಇಲ್ವೋ ಅಂತ ಇವ್ರಿಗೆ ತಿಳಿಯಲ್ಲ. ನಿಮ್ಗೆ ಮೊಹರಿನ ಚಿಂತೆ!" ಎಂದಿರುತ್ತಾರೆ. ಎರಡೂ ಹೇಳಿಕೆಗಳನ್ನು ಕಡತಕ್ಕೆ ಸೇರಿಸಲಾಗಿದೆ. ಕಡತವನ್ನು ಮುಚ್ಚಲಾಗಿದೆ.

7. ಮೊಹರು ಬಿದ್ದ ನಂತರವಷ್ಟೇ ಈ ಸುತ್ತೋಲೆ ಜಾರಿಗೆ ಬರತಕ್ಕದ್ದು. ಗುಮಾಸ್ತರ ಕೈ ಏಳದ ಕಾರಣ, ಮುನ್ನೂರು ಪ್ರತಿಗಳಿಗೂ ಅಧೀಕ್ಷಕರೇ ಸ್ವಂತ ಅಂಗೈಯಿಂದ ಗುದ್ದಲು ಕುಳಿತಿರುತ್ತಾರೆ. ನೂರಹದಿನಾಲ್ಕನೆಯ ಪ್ರತಿಯ ಹೊತ್ತಿಗೆ ಅವರ ಕಿರುಬೆರಳು ತಣ್ಣಗಾಗಿ ಬಿಳುಚಿಕೊಂಡಿದ್ದು, ಉಜ್ಜಿದರೂ, ಊದಿದರೂ, ಗದರಿಸಿದರೂ ಬಣ್ಣಕ್ಕೆ ಬಂದಿರುವುದಿಲ್ಲ.

8. ಆದುದರಿಂದ ಅಂಶ 1ರಿಂದ 5ರವರೆಗಿನ ಎಲ್ಲವನ್ನೂ ಸಾರ್ವಜನಿಕ ಹಿತದೃಷ್ಟಿಯಿಂದ ಈ ಕ್ಷಣವೇ ಹಿಂಪಡೆಯಲಾಗಿದೆ. ಗುಮಾಸ್ತರಿಗೆ, ಬೆರಳು ಸಮೇತ, ವಾಸಿಯಾಗುವವರೆಗೆ ರಜೆ ಮಂಜೂರಾಗಿದೆ.

ಸಹಿ/- (ಎಡಗೈಯಿಂದ)
ಅಧೀಕ್ಷಕರು, ಮೊಹರು ವಿಭಾಗ

ಪ್ರತಿಗಳು:
1. ಶಸ್ತ್ರವೈದ್ಯರಿಗೆ: ನಾಳೆ ಗುಮಾಸ್ತರದ್ದು ಮುಗಿದ ಮೇಲೆ ಇನ್ನೊಂದು ಕೈ ನೋಡುವ ಕೋರಿಕೆಯೊಂದಿಗೆ.
2. ಧರ್ಮಪತ್ನಿಯವರಿಗೆ: ಕ್ಷಮೆಯೊಂದಿಗೆ, ಮಾಹಿತಿಗಾಗಿ.
3. ಕಚೇರಿ ಕಡತಕ್ಕೆ.
4. ಗುಮಾಸ್ತರಿಗೆ: ಆಸ್ಪತ್ರೆಗೆ ಹೋಗುವಾಗ ಅಧೀಕ್ಷಕರನ್ನೂ ಜೊತೆಗೆ ಕರೆದುಕೊಂಡು ಹೋಗಲು. ಅವರಿಗೆ ಒಬ್ಬರೇ ಹೋಗಲು ಭಯವಾಗುತ್ತಿದೆ.